ಫ್ಯೂಜಿ ಶಿಖರದ ಒಡತಿ ಯಾರು? ಜಪಾನಿನ ಬೆಟ್ಟದ ದೇವರನ್ನು ಅರ್ಥ ಮಾಡಿಕೊಳ್ಳುವುದು ಹೇಗೆ

ಜಪಾನಿನ ಫ್ಯೂಜಿ ಪರ್ವತ ಹತ್ತಲು ಈಗ ದುಡ್ಡು ಕಟ್ಟಬೇಕು. 2024ರ ಬೇಸಿಗೆಯಲ್ಲಿ ಯಮನಾಶಿ ಪ್ರಾಂತ್ಯದ ಕಡೆಯ ಯೋಶಿದಾ ದಾರಿಗೆ ಗೇಟು ಹಾಕಿದರು. ಒಬ್ಬರಿಗೆ 2,000 ಯೆನ್, ದಿನಕ್ಕೆ 4,000 ಜನ ಮಾತ್ರ ಎಂಬ ನಿಯಮ ಬಂತು. 2025ರಲ್ಲಿ ಅದು 4,000 ಯೆನ್ ಆಯಿತು. ಶಿಜುವೊಕಾ ಪ್ರಾಂತ್ಯದ ಕಡೆಯಿಂದ ಹತ್ತುವವರೂ ಅಷ್ಟೇ ಕಟ್ಟಬೇಕಾಯಿತು.

ಪ್ರವಾಸಕ್ಕೆ ಹೊರಟವರು ಈ ನಿಯಮಗಳನ್ನು ಓದುತ್ತಾ ಹೋದರೆ ಇನ್ನೊಂದು ವಿಷಯ ಎದುರಾಗುತ್ತದೆ. ಶುಲ್ಕ ತೆಗೆದುಕೊಳ್ಳುವುದು ಪ್ರಾಂತ್ಯದ ಸರ್ಕಾರ. ಆದರೆ ಬೆಟ್ಟದ ಬುಡದಿಂದ ತುದಿಯವರೆಗೆ ಎಣಿಸುವ ಹತ್ತು ಹಂತಗಳಲ್ಲಿ ಎಂಟನೇ ಹಂತದಿಂದ ಮೇಲಿನ ಜಾಗದ ಬಹುಪಾಲು ಸರ್ಕಾರದ್ದಲ್ಲ. ಅದು ಒಂದು ಶಿಂಟೋ ಗುಡಿಯ ಆಸ್ತಿ. ಆ ಗುಡಿಯ ದೇವರು ಒಬ್ಬ ಹೆಣ್ಣುದೇವತೆ. ಅವಳ ಅಪ್ಪ ಜಪಾನಿನ ಎಲ್ಲ ಬೆಟ್ಟಗಳ ದೇವರು.

ಇವರೆಲ್ಲ ಯಾರು? ಬೆಟ್ಟವೇ ದೇವರೋ, ಬೆಟ್ಟದಲ್ಲಿ ದೇವರು ಇರುವುದೋ? ಒಂದು ಕಡೆ ಗಂಡು ದೇವರು ಅನ್ನುತ್ತಾರೆ, ಇನ್ನೊಂದು ಕಡೆ ಹೆಣ್ಣು ಅನ್ನುತ್ತಾರೆ, ಯಾವುದು ಸರಿ? ಮೊದಲ ಸಲ ಓದುವವರಿಗೆ ಇದು ಸಿಕ್ಕುಸಿಕ್ಕಾಗಿ ಕಾಣುತ್ತದೆ. ಬೆಟ್ಟದಿಂದ ಯಾರಿಗೆ ಏನು ಬೇಕಿತ್ತು ಎಂದು ಕೇಳುತ್ತಾ ಹೋದರೆ ಈ ಸಿಕ್ಕು ಬಿಡಿಸಿಕೊಳ್ಳುತ್ತದೆ. ರಾಜರಿಗೆ ಬೇಕಾದದ್ದು ಬೇರೆ, ರೈತರಿಗೆ ಬೇಕಾದದ್ದು ಬೇರೆ, ಬೇಟೆಗಾರರಿಗೆ ಬೇರೆ, ಹಡಗಿನವರಿಗೆ ಬೇರೆ.

ಮೊದಲು ಎರಡು ಮಾತು: ಶಿಂಟೋ ಮತ್ತು ಕಮಿ

ಶಿಂಟೋ ಜಪಾನಿನ ಹಳೆಯ ನಂಬಿಕೆ. ಇದನ್ನು ಶುರು ಮಾಡಿದ ಗುರು ಅಂತ ಯಾರೂ ಇಲ್ಲ. ಎಲ್ಲರೂ ಒಪ್ಪಲೇಬೇಕಾದ ಒಂದು ಧರ್ಮಗ್ರಂಥವೂ ಇಲ್ಲ. ಊರೂರಿನ ಪೂಜೆ, ಹಬ್ಬ, ಹರಕೆ, ಮಡಿ ಎಲ್ಲ ಸೇರಿ ಬೆಳೆದದ್ದು ಇದು. ಆರನೇ ಶತಮಾನದಲ್ಲಿ ಬೌದ್ಧ ಧರ್ಮ ಬಂದ ಮೇಲೆ ಎರಡೂ ಒಟ್ಟೊಟ್ಟಿಗೇ ನಡೆದವು. ಒಂದೇ ಬೆಟ್ಟದಲ್ಲಿ ಬುದ್ಧನೂ ಇದ್ದ, ಊರ ದೇವರೂ ಇದ್ದ. 1868ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಹೊಸದಾಗಿ ಬಂದ ಮೇಜಿ ಸರ್ಕಾರ ಇವೆರಡನ್ನೂ ಕಾನೂನು ಮಾಡಿ ಬೇರೆ ಮಾಡಿತು.

ಶಿಂಟೋದಲ್ಲಿ ದೇವರಿಗೆ ಕಮಿ ಅನ್ನುತ್ತಾರೆ. 18ನೇ ಶತಮಾನದ ವಿದ್ವಾಂಸ ಮೊತೊಓರಿ ನೊರಿನಾಗಾ ಕಮಿ ಯಾರು ಅಂತ ವಿವರಿಸುವಾಗ ಆಕಾಶದ ದೇವತೆಗಳನ್ನಷ್ಟೇ ಹೇಳಲಿಲ್ಲ. ಹಕ್ಕಿ, ಮೃಗ, ಮರ, ಕಡಲು, ಬೆಟ್ಟ, ಮನುಷ್ಯರು, ಇವರಲ್ಲಿ ಯಾರೇ ಆಗಲಿ, ಮಾಮೂಲಿಗೆ ಮೀರಿದ್ದು, ಕಂಡರೆ ಭಯಭಕ್ತಿ ಹುಟ್ಟಿಸುವಂಥದ್ದು ಕಮಿ ಅಂದ. ಒಳ್ಳೆಯದೇ ಆಗಿರಬೇಕು ಅಂತಲೂ ಇಲ್ಲ.

ಕಮಿಗೆ ಸಾಮಾನ್ಯವಾಗಿ ನಾವು ನೋಡುವಂಥ ವಿಗ್ರಹ ಇರುವುದಿಲ್ಲ. ಗರ್ಭಗುಡಿಯೊಳಗೆ ಒಂದು ಕನ್ನಡಿಯೋ, ಕತ್ತಿಯೋ, ಕಲ್ಲೋ ಇರುತ್ತದೆ. ದೇವರು ಬಂದು ನೆಲೆಸುವ ಆ ವಸ್ತುವಿಗೆ ಶಿಂತಾಯ್ ಎಂದು ಹೆಸರು. ಗುಡಿಯ ಮುಂದೆ ತೊರಿಇ ಎಂಬ ಹೆಬ್ಬಾಗಿಲು ನಿಂತಿರುತ್ತದೆ. ಪವಿತ್ರವಾದ ಮರಕ್ಕೆ, ಬಂಡೆಗೆ ಹುಲ್ಲಿನ ದಪ್ಪ ಹಗ್ಗ ಕಟ್ಟಿರುತ್ತಾರೆ. ಇವು ಕಂಡರೆ ಅಲ್ಲಿಂದಾಚೆ ಕಮಿಯ ಜಾಗ ಅಂತ ತಿಳಿಯಬೇಕು.

ಬೆಟ್ಟವೇ ಯಾಕೆ?

ಜಪಾನಿನ ನೆಲದಲ್ಲಿ ಮುಕ್ಕಾಲು ಭಾಗ ಬೆಟ್ಟಗುಡ್ಡ. ಊರು, ಗದ್ದೆ, ಪೇಟೆ ಎಲ್ಲವೂ ಉಳಿದ ಕಾಲು ಭಾಗದಲ್ಲಿ ಒತ್ತಿಕೊಂಡಿವೆ. ಯಾವ ಬಯಲಿನಲ್ಲಿ ನಿಂತು ನೋಡಿದರೂ ಸುತ್ತ ಎಲ್ಲೋ ಒಂದು ಕಡೆ ಬೆಟ್ಟ ಕಾಣುತ್ತದೆ.

ಗದ್ದೆಗೆ ನೀರು ಬರುವುದು ಆ ಬೆಟ್ಟದಿಂದ. ಚಳಿಗಾಲದಲ್ಲಿ ಮೇಲೆ ಬಿದ್ದ ಹಿಮ ವಸಂತದಲ್ಲಿ ಕರಗಿ, ಸರಿಯಾಗಿ ನಾಟಿಯ ಹೊತ್ತಿಗೆ ಹಳ್ಳಕ್ಕೆ ಇಳಿಯುತ್ತದೆ. ಹಾಗಾಗಿ ರೈತರಿಗೆ ಬೆಟ್ಟವೇ ಪಂಚಾಂಗ ಆಗಿತ್ತು. ಹಿಮ ಕರಗುತ್ತಾ ಬೆಟ್ಟದ ಮೈಮೇಲೆ ಮೂಡುವ ಆಕಾರಗಳನ್ನು ನೋಡಿ ಕೆಲಸ ಶುರು ಮಾಡುತ್ತಿದ್ದರು. ನಾಗಾನೊ ಕಡೆಯ ಶಿರೋಉಮಾ ಬೆಟ್ಟದಲ್ಲಿ ಹಿಮದ ನಡುವೆ ಕಪ್ಪು ಬಂಡೆ ಕುದುರೆಯ ಆಕಾರದಲ್ಲಿ ಕಂಡರೆ ಗದ್ದೆಗೆ ನೀರು ಕಟ್ಟಿ ಕೆಸರು ಮಾಡುವ ಕಾಲ ಬಂತು ಅಂತ ಲೆಕ್ಕ. ಬೆಟ್ಟಕ್ಕೆ ಹೆಸರು ಬಂದದ್ದೂ ಆ ಕುದುರೆಯಿಂದಲೇ ಅನ್ನುತ್ತಾರೆ. ಫ್ಯೂಜಿಯ ಮೇಲೆ ಹಕ್ಕಿಯ ಆಕಾರದ ಹಿಮ ಕಾಣುತ್ತದೆ. ಅದಕ್ಕೆ ‘ಬೇಸಾಯದ ಹಕ್ಕಿ’ ಎಂದೇ ಹೆಸರು. ಬೆಟ್ಟದ ಬುಡದ ಫ್ಯೂಜಿಯೋಶಿದಾ ಊರಿನ ಜನ ಇವತ್ತಿಗೂ ಅದು ಕಂಡ ದಿನ ಸುದ್ದಿ ಮಾಡುತ್ತಾರೆ.

ನೀರಿನ ಜೊತೆಗೆ ಸೌದೆ, ಇದ್ದಿಲು, ಮನೆಗೆ ಮರ, ಮಾಂಸ, ತಾಮ್ರ, ಬೆಳ್ಳಿ ಎಲ್ಲವೂ ಬೆಟ್ಟದ್ದೇ. ಅಪಾಯವೂ ಬೆಟ್ಟದ್ದೇ. ಹಿಮ ಕುಸಿಯುತ್ತದೆ, ಮಳೆಗೆ ಮಣ್ಣು ಜಾರುತ್ತದೆ, ಜ್ವಾಲಾಮುಖಿ ಉಗುಳುತ್ತದೆ. ಕೊಡುವುದೂ ಕೊಲ್ಲುವುದೂ ಒಂದೇ ಕೈ ಆದಾಗ ಜನ ಅದಕ್ಕೆ ಕೈಮುಗಿಯುತ್ತಾರೆ.

ಗರ್ಭಗುಡಿ ಇಲ್ಲದ ಗುಡಿ

ಬೆಟ್ಟದ ಪೂಜೆಯ ತೀರಾ ಹಳೆಯ ರೂಪದಲ್ಲಿ ಬೆಟ್ಟವೇ ದೇವರ ಮೈ. ನಾರಾ ಪ್ರಾಂತ್ಯದ ಓಮಿವಾ ಗುಡಿಗೆ ಹೋದರೆ ಇದು ಕಣ್ಣಾರೆ ಕಾಣುತ್ತದೆ. ಅಲ್ಲಿ ಪೂಜೆ ಮಾಡುವ ಮಂಟಪ ಇದೆ, ಆದರೆ ದೇವರನ್ನಿಡುವ ಗರ್ಭಗುಡಿ ಇಲ್ಲ. ಮಂಟಪದ ಹಿಂದೆ ಮೂರು ಬಾಗಿಲು ಒಂದಕ್ಕೊಂದು ಕೂಡಿಕೊಂಡ ವಿಶೇಷ ತೊರಿಇ ಇದೆ. ಅದರಾಚೆ ಮಿವಾ ಬೆಟ್ಟ, 467 ಮೀಟರ್ ಎತ್ತರ. ಜನ ಕೈಮುಗಿಯುವುದು ನೇರವಾಗಿ ಬೆಟ್ಟಕ್ಕೆ. ಅಲ್ಲಿರುವ ಕಮಿಯ ಹೆಸರು ಓಮೊನೊನುಶಿ.

ಬೆಟ್ಟದ ಮೇಲೆ ದೇವರು ಇಳಿದು ಕೂರುವ ದೊಡ್ಡ ಬಂಡೆಗಳಿವೆ. ಅವಕ್ಕೆ ಇವಾಕುರಾ ಅನ್ನುತ್ತಾರೆ. ಗುಡಿ ಕಟ್ಟುವ ಪದ್ಧತಿ ಬರುವ ಮೊದಲು ಜಪಾನಿನ ಪೂಜೆ ಬಹುಪಾಲು ಇಂಥ ಬಂಡೆಯ ಮುಂದೆ, ಇಂಥ ಮರದ ಬುಡದಲ್ಲಿ ನಡೆಯುತ್ತಿತ್ತು. ಮಿವಾ ಬೆಟ್ಟಕ್ಕೆ ಬಹಳ ಕಾಲ ಸಾಮಾನ್ಯ ಜನರಿಗೆ ಪ್ರವೇಶವೇ ಇರಲಿಲ್ಲ. ದೇವರ ಮೈಮೇಲೆ ಕಾಲಿಟ್ಟು ಓಡಾಡುವುದು ಹೇಗೆ, ಅಲ್ವಾ? ಎಲ್ಲ ಪವಿತ್ರ ಬೆಟ್ಟಗಳನ್ನೂ ಹತ್ತಿ ಪುಣ್ಯ ಗಳಿಸಬೇಕು ಎಂಬ ಯೋಚನೆ ಆಮೇಲೆ ಬಂದದ್ದು. ಬೆಟ್ಟದಲ್ಲಿ ತಪಸ್ಸು ಮಾಡುತ್ತಿದ್ದ ಯಾಮಾಬುಶಿ ಎಂಬ ಸಾಧಕರು, ಬೌದ್ಧ ಸನ್ಯಾಸಿಗಳು ಅದನ್ನು ಬೆಳೆಸಿದರು. ಹತ್ತದೆ ಕೆಳಗಿನಿಂದಲೇ ಕೈಮುಗಿಯುವುದು ಅದಕ್ಕಿಂತ ಹಳೆಯದು.

ಪುರಾಣದ ಬೆಟ್ಟದೇವರು: ಓಯಾಮತ್ಸುಮಿ

ಕ್ರಿ.ಶ. 712ರಲ್ಲಿ ‘ಕೊಜಿಕಿ’, 720ರಲ್ಲಿ ‘ನಿಹೊನ್ ಶೊಕಿ’ ಎಂಬ ಎರಡು ಗ್ರಂಥಗಳು ಸಿದ್ಧವಾದವು. ಎರಡನ್ನೂ ಬರೆಸಿದ್ದು ಅರಮನೆ. ಅಲ್ಲಲ್ಲಿ ಹರಡಿದ್ದ ದೇವರ ಕಥೆಗಳನ್ನು ಒಂದು ವಂಶಾವಳಿಗೆ ಪೋಣಿಸಿ, ಅದರ ತುದಿಯಲ್ಲಿ ಚಕ್ರವರ್ತಿಯ ಮನೆತನವನ್ನು ಕೂರಿಸುವುದು ಇವುಗಳ ಉದ್ದೇಶ. ಬೆಟ್ಟದ ದೇವರಿಗೆ ಒಂದು ಹೆಸರು, ಹೆಂಡತಿ, ಮಕ್ಕಳು ಸಿಗುವುದು ಇಲ್ಲಿ.

ಕೊಜಿಕಿಯ ಪ್ರಕಾರ ಇಜನಾಗಿ, ಇಜನಾಮಿ ಎಂಬ ದಂಪತಿ ಮೊದಲು ಜಪಾನಿನ ದ್ವೀಪಗಳನ್ನು ಹೆತ್ತರು. ಆಮೇಲೆ ಕಡಲು, ಗಾಳಿ, ಮರ, ಬೆಟ್ಟ, ಬಯಲು ಹೀಗೆ ಒಂದೊಂದಕ್ಕೂ ಒಬ್ಬ ಕಮಿಯನ್ನು ಹೆತ್ತರು. ಬೆಟ್ಟಕ್ಕೆ ಹುಟ್ಟಿದವನು ಓಯಾಮತ್ಸುಮಿ, ಅಂದರೆ ಮಹಾ ಬೆಟ್ಟದ ಒಡೆಯ. ಕೊನೆಗೆ ಬೆಂಕಿಯ ದೇವರನ್ನು ಹೆರುವಾಗ ಇಜನಾಮಿ ಸುಟ್ಟು ಸತ್ತಳು. ಸಿಟ್ಟಿಗೆದ್ದ ಇಜನಾಗಿ ಆ ಬೆಂಕಿ ಮಗುವನ್ನೇ ಕತ್ತಿಯಿಂದ ಕಡಿದ. ಅದರ ತಲೆ, ಎದೆ, ಹೊಟ್ಟೆ, ಕೈಕಾಲುಗಳಿಂದ ಇನ್ನೂ ಎಂಟು ಬೆಟ್ಟದೇವರು ಹುಟ್ಟಿದರು. ನಿಹೊನ್ ಶೊಕಿಯಲ್ಲಿ ಬರುವ ಒಂದು ಪಾಠಾಂತರದಲ್ಲಂತೂ ಓಯಾಮತ್ಸುಮಿ ಹುಟ್ಟಿದ್ದೇ ಹೀಗೆ, ಕಡಿದು ಬಿದ್ದ ಬೆಂಕಿಯಿಂದ. ಬೆಂಕಿ ಉಗುಳುವ ಬೆಟ್ಟಗಳ ನಾಡಿನಲ್ಲಿ ಇಂಥ ಕಥೆ ಹುಟ್ಟಿದ್ದು ಸಹಜ ಅನ್ನಿಸುತ್ತದೆ.

ಓಯಾಮತ್ಸುಮಿ ಕಥೆಯೊಳಗೆ ಮುಖ್ಯವಾಗಿ ಬರುವುದು ಹೆಣ್ಣುಮಕ್ಕಳ ತಂದೆಯಾಗಿ. ಸೂರ್ಯದೇವತೆ ಅಮತೆರಾಸುವಿನ ಮೊಮ್ಮಗ ನಿನಿಗಿ ಭೂಮಿಯನ್ನು ಆಳಲು ಆಕಾಶದಿಂದ ಇಳಿಯುತ್ತಾನೆ. ಅವನು ಮೊದಲು ಕಾಲಿಡುವುದೂ ಒಂದು ಬೆಟ್ಟದ ಮೇಲೆ, ದಕ್ಷಿಣದ ಕ್ಯೂಶೂ ದ್ವೀಪದ ತಕಾಚಿಹೊದಲ್ಲಿ. ಕಡಲ ತೀರದಲ್ಲಿ ಅವನಿಗೆ ಒಬ್ಬ ಚೆಲುವೆ ಕಾಣುತ್ತಾಳೆ. ಅವಳು ಓಯಾಮತ್ಸುಮಿಯ ಮಗಳು ಕೊನೊಹನಾ ಸಕುಯಾ ಹಿಮೆ, ಮರಗಳ ಹೂವಿನಂತೆ ಅರಳುವ ರಾಜಕುಮಾರಿ. ಕೈ ಹಿಡಿಯುತ್ತೇನೆ ಅಂತ ನಿನಿಗಿ ಕೇಳುತ್ತಾನೆ. ಅಪ್ಪನನ್ನು ಕೇಳಿ ಅನ್ನುತ್ತಾಳೆ ಅವಳು.

ಅಪ್ಪನಿಗೆ ಬಹಳ ಖುಷಿಯಾಗುತ್ತದೆ. ರಾಶಿ ಉಡುಗೊರೆಯ ಜೊತೆಗೆ ಸಕುಯಾಳನ್ನೂ, ಅವಳ ಅಕ್ಕ ಇವಾನಗಾಳನ್ನೂ ಇಬ್ಬರನ್ನೂ ಕಳಿಸಿಕೊಡುತ್ತಾನೆ. ಇವಾನಗಾ ಬಂಡೆಯ ರಾಜಕುಮಾರಿ. ನೋಡಲು ಚೆನ್ನಾಗಿಲ್ಲ ಅಂತ ನಿನಿಗಿ ಅವಳನ್ನು ವಾಪಸ್ ಕಳಿಸಿಬಿಡುತ್ತಾನೆ. ಓಯಾಮತ್ಸುಮಿಗೆ ಅವಮಾನವಾಗುತ್ತದೆ. ಅವನು ಹೇಳಿ ಕಳಿಸುವ ಮಾತಿನ ಸಾರ ಇದು: ಇಬ್ಬರನ್ನೂ ಸುಮ್ನೆ ಕಳಿಸಿರಲಿಲ್ಲ. ಸಕುಯಾ ಜೊತೆಗಿದ್ದರೆ ನಿನ್ನ ವಂಶ ಹೂವಿನಂತೆ ಅರಳುತ್ತಿತ್ತು. ಇವಾನಗಾ ಜೊತೆಗಿದ್ದರೆ ಮಳೆ ಗಾಳಿಗೆ ಜಗ್ಗದ ಬಂಡೆಯಂತೆ ನಿನ್ನ ಆಯಸ್ಸು ಗಟ್ಟಿಯಾಗುತ್ತಿತ್ತು. ಅವಳನ್ನು ಹಿಂದಕ್ಕೆ ಕಳಿಸಿದೆ, ಇನ್ನು ನಿನ್ನ ಮಕ್ಕಳ ಬಾಳು ಹೂವಿನಷ್ಟೇ ಗಿಡ್ಡ.

ದೇವರ ವಂಶದವರಾದ ಚಕ್ರವರ್ತಿಗಳೂ ಯಾಕೆ ಸಾಯುತ್ತಾರೆ ಎಂಬ ಪ್ರಶ್ನೆಗೆ ಕೊಜಿಕಿ ಕೊಡುವ ಉತ್ತರ ಇದು. ನಿಹೊನ್ ಶೊಕಿಯ ಒಂದು ಪಾಠಾಂತರದಲ್ಲಿ ಶಾಪ ಹಾಕುವವಳು ಇವಾನಗಾ, ಅದು ತಟ್ಟುವುದು ಎಲ್ಲ ಮನುಷ್ಯರಿಗೂ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಸಕುಯಾ ಒಂದೇ ರಾತ್ರಿಯಲ್ಲಿ ಬಸುರಾಗುತ್ತಾಳೆ. ಮಗು ನನ್ನದೇ ಹೌದೋ ಅಂತ ನಿನಿಗಿ ಅನುಮಾನ ಪಡುತ್ತಾನೆ. ಅವಳು ಬಾಗಿಲಿಲ್ಲದ ಒಂದು ಮನೆ ಕಟ್ಟಿಸಿ, ಒಳಗೆ ಹೋಗಿ, ಸಂದುಗಳಿಗೆ ಮಣ್ಣು ಮೆತ್ತಿ, ಹೆರಿಗೆಯ ಹೊತ್ತಿಗೆ ಬೆಂಕಿ ಹಚ್ಚಿಕೊಳ್ಳುತ್ತಾಳೆ. ಮಗು ನಿನ್ನದಾದರೆ ಏನೂ ಆಗದು ಎಂಬುದು ಅವಳ ಪಂತ. ಉರಿಯ ನಡುವೆ ಮೂರು ಗಂಡುಮಕ್ಕಳು ಸುಖವಾಗಿ ಹುಟ್ಟುತ್ತಾರೆ. ಅವರಲ್ಲಿ ಕಿರಿಯವನು ಹೊಓರಿ. ಅವನು ಕಡಲ ದೇವರ ಮಗಳನ್ನು ಮದುವೆಯಾಗುತ್ತಾನೆ. ಅವರ ಮೊಮ್ಮಗನೇ ಜಿಮ್ಮು, ಪುರಾಣದ ಪ್ರಕಾರ ಜಪಾನಿನ ಮೊದಲ ಚಕ್ರವರ್ತಿ.

ಈ ನಂಟಿನ ಲೆಕ್ಕ ಗಮನಿಸಿ. ತಂದೆಯ ಕಡೆಯಿಂದ ಆಕಾಶ, ಒಬ್ಬ ಸೊಸೆಯಿಂದ ಬೆಟ್ಟ, ಇನ್ನೊಬ್ಬ ಸೊಸೆಯಿಂದ ಕಡಲು. ನೆಲವನ್ನು ಆಳುವವನ ಮೈಯಲ್ಲಿ ಮೂರೂ ರಕ್ತ ಹರಿಯುತ್ತದೆ ಎಂದು ತೋರಿಸುವುದು ಅರಮನೆಗೆ ಬೇಕಿತ್ತು. ಓಯಾಮತ್ಸುಮಿ ಆ ಹೆಣಿಗೆಯ ಒಂದು ಮುಖ್ಯ ಎಳೆ.

ಅವನ ಬಳಗ ಇನ್ನೂ ದೊಡ್ಡದು. ಕ್ಯೋಟೋದ ಫುಶಿಮಿ ಇನಾರಿ ಗುಡಿಯ ಸಾವಿರಾರು ಕೆಂಪು ತೊರಿಇಗಳ ಫೋಟೋ ನೀವು ನೋಡಿರುತ್ತೀರಿ. ಅಲ್ಲಿನ ಬೆಳೆಯ ದೇವರು ಉಕಾನೊಮಿತಮಾ, ಕೊಜಿಕಿಯ ಲೆಕ್ಕದಲ್ಲಿ ಓಯಾಮತ್ಸುಮಿಗೆ ಮಗಳ ಮಗು. ಅದೇ ಕ್ಯೋಟೋದ ಉಮೆನೊಮಿಯಾ ಗುಡಿಯಲ್ಲಿ ಓಯಾಮತ್ಸುಮಿಯನ್ನು ಸಾಕೆ, ಅಂದರೆ ಅಕ್ಕಿಯ ಮದ್ಯದ ದೇವರು ಅಂತ ಪೂಜಿಸುತ್ತಾರೆ. ಮಗಳಿಗೆ ಮಕ್ಕಳಾದ ಸಂತೋಷಕ್ಕೆ ಅವನು ಅಕ್ಕಿಯಿಂದ ಸಾಕೆ ಮಾಡಿದ ಎಂಬ ನಂಬಿಕೆ ಅಲ್ಲಿದೆ. ಸಾಕೆ ತಯಾರಿಸುವವರು ಅಲ್ಲಿಗೆ ನಡೆದುಕೊಳ್ಳುತ್ತಾರೆ.

ಹಳ್ಳಿಯವರ ಬೆಟ್ಟದೇವರು: ಯಾಮಾ ನೊ ಕಮಿ

ಗ್ರಂಥದ ಕಥೆ ಹೀಗಿದ್ದರೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಪೂಜೆ ಪಡೆಯುವವರು ಬೇರೆ. ಅವರನ್ನು ಜನ ಯಾಮಾ ನೊ ಕಮಿ, ಬೆಟ್ಟದ ದೇವರು ಅಂತ ಮಾತ್ರ ಕರೆಯುತ್ತಾರೆ. ಸ್ವಂತ ಹೆಸರಿಲ್ಲ, ವಂಶಾವಳಿ ಇಲ್ಲ. ಎಷ್ಟೋ ಕಡೆ ಗುಡಿಯೂ ಇಲ್ಲ. ಒಂದು ಹಳೆಯ ಮರ, ಅದರ ಬುಡದಲ್ಲಿ ಒಂದು ಕಲ್ಲು, ಅಷ್ಟೇ. ಕೆಲವು ಊರಲ್ಲಿ ಗಂಡು, ಕೆಲವು ಊರಲ್ಲಿ ದಂಪತಿ, ಬಹಳ ಕಡೆ ಹೆಣ್ಣು. ನನ್ನ ಮಟ್ಟಿಗೆ ಈ ವಿಷಯದ ಜೀವ ಇರುವುದು ಇಲ್ಲಿ.

ರೈತರ ಪಾಲಿಗೆ ಯಾಮಾ ನೊ ಕಮಿ ವರ್ಷಕ್ಕೆ ಎರಡು ಸಲ ಮನೆ ಬದಲಾಯಿಸುವ ದೇವರು. ವಸಂತದಲ್ಲಿ ಬೆಟ್ಟದಿಂದ ಇಳಿದು ಬಂದು ಗದ್ದೆಯ ದೇವರು, ತಾ ನೊ ಕಮಿ ಆಗುತ್ತಾರೆ. ಬೆಳೆ ಕೊಯ್ದ ಮೇಲೆ ಮತ್ತೆ ಬೆಟ್ಟಕ್ಕೆ ಹೋಗಿ ಯಾಮಾ ನೊ ಕಮಿ ಆಗುತ್ತಾರೆ. ಭಾದ್ರಪದದಲ್ಲಿ ಗೌರಿ ತವರಿಗೆ ಬಂದು, ಬಾಗಿನ ಪಡೆದು, ಮತ್ತೆ ಕೈಲಾಸಕ್ಕೆ ಹೋಗುತ್ತಾಳಲ್ಲ, ಹಾಗೆ ಬರುವುದಕ್ಕೂ ಹೋಗುವುದಕ್ಕೂ ಹಬ್ಬ, ಊಟ, ಕಳಿಸಿಕೊಡುವ ಶಾಸ್ತ್ರ ಎಲ್ಲ ಇರುತ್ತದೆ. ಹಿಮದ ನೀರು ಇಳಿಯುವ ಕಾಲ ಮತ್ತು ದೇವರು ಇಳಿಯುವ ಕಾಲ ಒಂದೇ ಆಗಿರುವುದು ಕಾಕತಾಳೀಯ ಅಲ್ಲ. ಸತ್ತ ಹಿರಿಯರ ಆತ್ಮಗಳೇ ಬೆಟ್ಟಕ್ಕೆ ಹೋಗಿ ನೆಲೆಸಿ, ಬೇಸಾಯದ ಕಾಲಕ್ಕೆ ಮಕ್ಕಳ ಗದ್ದೆ ಕಾಯಲು ಬರುತ್ತವೆ ಎಂದು ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪುವುದಿಲ್ಲ, ಆದರೆ ಈ ದೇವರ ಬಗ್ಗೆ ಮಾತಾಡುವವರು ಯಾರೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಮರ ಕಡಿಯುವವರು, ಇದ್ದಿಲು ಸುಡುವವರು, ಬೇಟೆಗಾರರು ಇವರ ದೇವರು ಎಲ್ಲಿಗೂ ಹೋಗುವುದಿಲ್ಲ. ವರ್ಷವಿಡೀ ಬೆಟ್ಟದಲ್ಲೇ ಇರುತ್ತಾಳೆ. ಹೌದು, ಇವರ ಪಾಲಿಗೆ ಹೆಚ್ಚಾಗಿ ಅವಳು ಹೆಣ್ಣು, ಸಿಟ್ಟು ಜಾಸ್ತಿ, ಮಕ್ಕಳೂ ಜಾಸ್ತಿ. ಹನ್ನೆರಡು ಅವಳ ಸಂಖ್ಯೆ. ಕೆಲವು ಕಡೆ ಅವಳಿಗೆ ‘ಹನ್ನೆರಡಮ್ಮ’ ಎಂಬ ಅರ್ಥದ ಹೆಸರೇ ಇದೆ. ತಿಂಗಳಿನ 12ನೇ ತಾರೀಖು, ಮುಖ್ಯವಾಗಿ ವರ್ಷದ ಮೊದಲ ಅಥವಾ ಕೊನೆಯ ತಿಂಗಳಲ್ಲಿ, ಕಾಡಿಗೆ ಹೋಗಬಾರದು ಅನ್ನುತ್ತಾರೆ. ಅವತ್ತು ದೇವತೆ ತನ್ನ ಮರಗಳನ್ನು ಎಣಿಸುತ್ತಾಳೆ. ಕಾಡಿನಲ್ಲಿ ಸಿಕ್ಕವರನ್ನೂ ಮರದ ಲೆಕ್ಕಕ್ಕೆ ಸೇರಿಸಿಬಿಟ್ಟರೆ ವಾಪಸ್ ಬರುವ ಹಾಗಿಲ್ಲ.

ಅವಳನ್ನು ಸಮಾಧಾನ ಮಾಡಲು ಕೊಡುವ ಕಾಣಿಕೆ ವಿಚಿತ್ರ. ಓಕೊಜೆ ಎಂಬ ಒಂದು ಸಮುದ್ರದ ಮೀನು, ನೋಡಲು ಬಲು ಕುರೂಪ. ತಾನು ಚೆಲುವೆಯಲ್ಲ ಎಂಬ ಬೇಸರ ದೇವತೆಗೆ ಇದೆಯಂತೆ. ತನಗಿಂತ ಕುರೂಪವಾದದ್ದನ್ನು ಕಂಡರೆ ಅವಳಿಗೆ ಸಂತೋಷವಾಗುತ್ತದೆ ಎಂಬ ನಂಬಿಕೆ. ಬೇಟೆಗಾರರು ಒಣಗಿದ ಓಕೊಜೆಯನ್ನು ಸುತ್ತಿ ಜೊತೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಮಿಯೆ ಪ್ರಾಂತ್ಯದ ಒವಾಸೆಯಲ್ಲಿ ಈ ಮೀನನ್ನು ತೋರಿಸಿ ಎಲ್ಲರೂ ಸೇರಿ ಜೋರಾಗಿ ನಗುವ ಹಬ್ಬವೇ ಇದೆ.

ಉತ್ತರದ ಅಕಿತಾ ಪ್ರಾಂತ್ಯದಲ್ಲಿ ಮತಾಗಿ ಎಂಬ ಬೇಟೆಗಾರರಿದ್ದಾರೆ. 2025ರ ಶರತ್ಕಾಲದಲ್ಲಿ ಅಲ್ಲಿ ಕರಡಿ ಹಾವಳಿ ಎಷ್ಟು ಹೆಚ್ಚಿತೆಂದರೆ ಸೈನಿಕರನ್ನೇ ನೆರವಿಗೆ ಕಳಿಸಬೇಕಾಯಿತು. ಮತಾಗಿಗಳ ಪ್ರಕಾರ ಕರಡಿ ಯಾಮಾ ನೊ ಕಮಿ ಕೊಡುವ ವರ. ತಾವಾಗಿ ಕಸಿದುಕೊಂಡದ್ದಲ್ಲ, ಅವಳು ಕೊಟ್ಟದ್ದು. ಬೆಟ್ಟದೊಳಗೆ ಹೋದ ಮೇಲೆ ಊರಿನ ಮಾತು ಆಡಬಾರದು. ಅದಕ್ಕೆ ಅಂತಲೇ ಬೇರೆ ಪದಗಳಿವೆ. ಊರಲ್ಲಿ ‘ಕುಮಾ’ ಅನ್ನುವ ಕರಡಿಗೆ ಬೆಟ್ಟದಲ್ಲಿ ‘ಇತಾಜು’ ಅನ್ನಬೇಕು. ಕರಡಿ ಬಿದ್ದ ಮೇಲೆ ‘ಕೆಬೊಕಾಯ್’ ಎಂಬ ಶಾಸ್ತ್ರ ಮಾಡಿ ಅದರ ಆತ್ಮವನ್ನು ಬೆಟ್ಟಕ್ಕೆ ಮರಳಿಸುತ್ತಾರೆ.

ಮರ ಕಡಿಯುವವರಲ್ಲೂ ಇದೇ ಭಾವನೆ. ದೊಡ್ಡ ಮರ ಉರುಳಿಸಿದ ಮೇಲೆ ಅದರ ತುದಿಯ ಒಂದು ಕೊಂಬೆಯನ್ನು ಕಡಿದ ಬುಡದ ಮೇಲೆ ನೆಡುತ್ತಾರೆ. ತೆಗೆದುಕೊಂಡದ್ದನ್ನು ಬೆಟ್ಟಕ್ಕೆ ತಿರುಗಿ ಕೊಟ್ಟ ಲೆಕ್ಕ. ಎಂಟನೇ ಶತಮಾನದ ಹಾಡುಗಳಲ್ಲೇ ಇದರ ಮಾತು ಬರುತ್ತದೆ. ಇಸೆಯ ಮಹಾಗುಡಿಯನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಮುಂದಿನ ಸಲ 2033ರಲ್ಲಿ. ಅದರ ಮೊದಲ ಶಾಸ್ತ್ರ 2025ರ ಮೇ 2ರಂದು ನಡೆಯಿತು. ಮರ ಕಡಿಯುವ ಬೆಟ್ಟದ ಬಾಗಿಲಲ್ಲಿ ನಿಂತು ಅಲ್ಲಿನ ಕಮಿಯನ್ನು ಪ್ರಾರ್ಥಿಸುವುದೇ ಆ ಶಾಸ್ತ್ರ. ಸೂರ್ಯದೇವತೆಯ ಮನೆ ಕಟ್ಟುವುದಕ್ಕೂ ಬೆಟ್ಟದವರ ಒಪ್ಪಿಗೆ ಬೇಕು.

ಬೆಟ್ಟದ ದೇವರು ಕಡಲ ನಡುವೆ ಯಾಕೆ?

ಓಯಾಮತ್ಸುಮಿಯ ಹೆಸರಾಂತ ಗುಡಿ ಇರುವುದು ಯಾವ ದೊಡ್ಡ ಪರ್ವತದ ಮೇಲೂ ಅಲ್ಲ. ಎಹಿಮೆ ಪ್ರಾಂತ್ಯದ ಓಮಿಶಿಮಾ ಎಂಬ ದ್ವೀಪದಲ್ಲಿ, ಸೆತೊ ಒಳಗಡಲಿನ ಮಧ್ಯೆ. ಇಲ್ಲಿಗೆ ಈಗ ಸೇತುವೆಗಳ ಮೇಲೆ ಸೈಕಲ್ಲಿನಲ್ಲೇ ಹೋಗಬಹುದು.

ಒಳಗಡಲಿನಲ್ಲಿ ದ್ವೀಪಗಳು ಕಿಕ್ಕಿರಿದಿವೆ, ಹರಿವು ಜೋರು. ಹಡಗಿನವರು ದಾರಿ ಗುರುತಿಸುತ್ತಿದ್ದದ್ದು ದ್ವೀಪದ ಬೆಟ್ಟಗಳನ್ನು ನೋಡಿ. ಹಡಗು ಕಟ್ಟಲು ಮರವೂ ಬೆಟ್ಟದಿಂದಲೇ ಬರಬೇಕು. ಹಾಗಾಗಿ ಬೆಟ್ಟದ ದೇವರು ಕಡಲಿನವರಿಗೂ ದೇವರಾದ. ‘ಇಯೊ ನಾಡಿನ ಫುದೊಕಿ’ ಎಂಬ ಹಳೆಯ ಸ್ಥಳಪುರಾಣದಲ್ಲಿ ಉಳಿದ ಒಂದು ತುಣುಕು ಇನ್ನೂ ಆಸಕ್ತಿಯ ಮಾತು ಹೇಳುತ್ತದೆ. ಈ ದೇವರಿಗೆ ಕಡಲು ದಾಟುವಿಕೆಯ ಮಹಾದೇವ ಎಂಬ ಅರ್ಥದ ಇನ್ನೊಂದು ಹೆಸರಿದೆ, ಇವನು ಕೊರಿಯಾದ ಬೆಕ್ಜೆ ರಾಜ್ಯದಿಂದ ಬಂದವನು ಅನ್ನುತ್ತದೆ ಅದು. ಜಪಾನಿನ ಎಲ್ಲ ಬೆಟ್ಟಗಳ ಒಡೆಯನ ಬಗ್ಗೆ, ಹೊರಗಿನಿಂದ ಬಂದವನು ಎಂಬ ನೆನಪನ್ನೂ ಜನ ಅಳಿಸದೆ ಇಟ್ಟುಕೊಂಡಿದ್ದಾರೆ.

ಕಡಲು ಆಳುತ್ತಿದ್ದ ಯೋಧರು ಗೆದ್ದ ಮೇಲೆ ಇಲ್ಲಿಗೆ ಬಂದು ತಮ್ಮ ಕವಚ, ಕತ್ತಿಗಳನ್ನು ಒಪ್ಪಿಸುತ್ತಿದ್ದರು. ಇವತ್ತು ಜಪಾನಿನಲ್ಲಿ ಉಳಿದಿರುವ ಹಳೆಯ ಕವಚಗಳಲ್ಲಿ ಬಹುದೊಡ್ಡ ಪಾಲು ಈ ಒಂದೇ ಗುಡಿಯ ಭಂಡಾರದಲ್ಲಿದೆ. ಅದರಲ್ಲಿ ಎಂಟು ವಸ್ತುಗಳು ರಾಷ್ಟ್ರೀಯ ನಿಧಿಗಳು. ಹತ್ತಿರದ ಬೆಸ್ಶಿಯಲ್ಲಿ 1691ರಲ್ಲಿ ತಾಮ್ರದ ಗಣಿ ಶುರುವಾದಾಗ ಗಣಿಯವರು ಇದೇ ದೇವರನ್ನು ಕರೆದುಕೊಂಡು ಹೋಗಿ ಅಲ್ಲಿ ಗುಡಿ ಕಟ್ಟಿದರು.

ಈ ಗುಡಿಯಲ್ಲಿ ನಾಟಿಯ ಹಬ್ಬಕ್ಕೊಮ್ಮೆ, ಕೊಯ್ಲಿನ ಹಬ್ಬಕ್ಕೊಮ್ಮೆ ಒಬ್ಬನೇ ಆಡುವ ಕುಸ್ತಿ ನಡೆಯುತ್ತದೆ. ಅಖಾಡದಲ್ಲಿ ಒಬ್ಬ ಪೈಲ್ವಾನ್ ಮಾತ್ರ ಕಾಣುತ್ತಾನೆ. ಎದುರಾಳಿ ಭತ್ತದ ದೇವರು, ಕಣ್ಣಿಗೆ ಕಾಣುವುದಿಲ್ಲ. ಪೈಲ್ವಾನ್ ಪಟ್ಟು ಹಾಕುತ್ತಾನೆ, ತಳ್ಳುತ್ತಾನೆ, ತೂರಾಡುತ್ತಾನೆ, ಬೀಳುತ್ತಾನೆ. ಮೂರು ಸುತ್ತಿನಲ್ಲಿ ಎರಡನ್ನು ದೇವರು ಗೆಲ್ಲಬೇಕು. ದೇವರು ಗೆದ್ದರೆ ಬೆಳೆ ಚೆನ್ನಾಗಿ ಬರುತ್ತದೆ.

ಫ್ಯೂಜಿಗೆ ಸಕುಯಾ ಬಂದದ್ದು ಹೇಗೆ

3,776 ಮೀಟರ್ ಎತ್ತರದ ಫ್ಯೂಜಿ ಜೀವಂತ ಜ್ವಾಲಾಮುಖಿ. 864ರಲ್ಲಿ ಅದು ಭಾರಿಯಾಗಿ ಸ್ಫೋಟಿಸಿತು. ಕೊನೆಯ ಸಲ ಸ್ಫೋಟಿಸಿದ್ದು 1707ರಲ್ಲಿ, ಬೂದಿ ಇವತ್ತಿನ ಟೋಕಿಯೋವರೆಗೂ ಬಿತ್ತು. ಹಳೆಯ ದಾಖಲೆಗಳಲ್ಲಿ ಇಲ್ಲಿನ ಕಮಿಯ ಹೆಸರು ಅಸಮಾ ಮಹಾದೇವರು. ಬೆಟ್ಟ ಸಿಟ್ಟಾದಾಗಲೆಲ್ಲ ಅರಮನೆ ಈ ದೇವರಿಗೆ ಪದವಿ ಏರಿಸಿ, ಪೂಜೆ ಮಾಡಿಸಿ ಶಾಂತಿ ಕೋರುತ್ತಿತ್ತು. ನಡುಗಾಲದಲ್ಲಿ ಇದೇ ದೇವರು ಬೋಧಿಸತ್ವ ಅಂತಲೂ ಪೂಜೆ ಪಡೆಯಿತು.

ಆ ದೇವರು ಬೇರೆ ಯಾರೂ ಅಲ್ಲ, ಓಯಾಮತ್ಸುಮಿಯ ಮಗಳು ಸಕುಯಾ ಎಂಬ ಮಾತು ಗಟ್ಟಿಯಾದದ್ದು ಎದೊ ಕಾಲದಲ್ಲಿ, ಅಂದರೆ 17ನೇ ಶತಮಾನದಿಂದೀಚೆಗೆ. ಉರಿಯುವ ಮನೆಯೊಳಗೆ ಸುಡದೆ ಉಳಿದವಳು ಉರಿಯುವ ಬೆಟ್ಟವನ್ನು ತಣ್ಣಗಿಡಬಲ್ಲಳು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಊರ ದೇವರಿಗೆ ಪುರಾಣದ ಹೆಸರು ಸೇರುವುದು ಜಪಾನಿನಲ್ಲಿ ಹೀಗೇ. ಮೊದಲು ಬೆಟ್ಟ, ಆಮೇಲೆ ಬೆಟ್ಟದ ದೇವರು, ಆಮೇಲೆ ಆ ದೇವರಿಗೆ ಗ್ರಂಥದಿಂದ ಒಂದು ಹೆಸರು.

ಬೆಟ್ಟದ ಬುಡದ ಫ್ಯೂಜಿನೊಮಿಯಾ ಊರಿನ ಸೆಂಗೆನ್ (ಅಸಮಾ ಎಂಬ ಹೆಸರಿನ ಇನ್ನೊಂದು ಓದು) ಮಹಾಗುಡಿ ಅವಳ ಮುಖ್ಯ ಸ್ಥಾನ. ದೇಶದಲ್ಲಿ ಸುಮಾರು 1,300 ಸೆಂಗೆನ್ ಗುಡಿಗಳಿಗೆ ಇದೇ ಮೂಲ. ಅಕ್ಕ ಇವಾನಗಾಳನ್ನೂ ಜನ ಮರೆತಿಲ್ಲ. ಇಜು ಕರಾವಳಿಯ ಕುಮೊಮಿಯಲ್ಲಿ ಅವಳ ಗುಡಿ ಇದೆ. ಅಲ್ಲಿಂದ ಫ್ಯೂಜಿ ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿ ನಿಂತು ಫ್ಯೂಜಿಯನ್ನು ಹೊಗಳಬಾರದು ಅನ್ನುತ್ತಾರೆ.

ಎದೊ ಕಾಲದಲ್ಲಿ ಫ್ಯೂಜಿ ಭಕ್ತರು ಸಂಘ ಕಟ್ಟಿಕೊಂಡು, ಚಂದಾ ಎತ್ತಿ, ಸರದಿಯ ಮೇಲೆ ಬೆಟ್ಟ ಹತ್ತುತ್ತಿದ್ದರು. ಹೋಗಲಾಗದ ಮುದುಕರಿಗೆ, ಹೆಂಗಸರಿಗೆ, ಮಕ್ಕಳಿಗೆ ಊರಲ್ಲೇ ಪುಟ್ಟ ಫ್ಯೂಜಿ ಕಟ್ಟಿದರು. ಫ್ಯೂಜಿಯಿಂದಲೇ ತಂದ ಲಾವಾ ಕಲ್ಲು ಜೋಡಿಸಿದ ದಿಬ್ಬಗಳು ಅವು. ಟೋಕಿಯೋದ ಹತೊನೊಮೊರಿ ಹಚಿಮಾನ್ ಗುಡಿಯಲ್ಲಿ 1789ರ ಒಂದು ದಿಬ್ಬ ಇವತ್ತಿಗೂ ಇದೆ, ಹತ್ತಬಹುದು.

ಇನ್ನು ಆಸ್ತಿಯ ವಿಷಯ. ಎಂಟನೇ ಹಂತದಿಂದ ಮೇಲಿನ ಜಾಗ ಸೆಂಗೆನ್ ಗುಡಿಯದು ಎಂದು 1779ರಲ್ಲೇ, ಆಗ ದೇಶ ಆಳುತ್ತಿದ್ದ ಸೇನಾಧಿಪತಿಯ, ಅಂದರೆ ಶೋಗನ್ ಸರ್ಕಾರ ತೀರ್ಪು ಕೊಟ್ಟಿತ್ತು. ಮೇಜಿ ಸರ್ಕಾರ ಬಂದ ಮೇಲೆ ಗುಡಿಗಳ ಜಮೀನನ್ನು ಸರ್ಕಾರದ ಹೆಸರಿಗೆ ಮಾಡಿಕೊಂಡಿತು. ಎರಡನೇ ಮಹಾಯುದ್ಧದ ನಂತರ ಅಂಥ ಜಮೀನನ್ನು ಗುಡಿಗಳಿಗೆ ಹಿಂದಿರುಗಿಸುವ ಕಾನೂನು ಬಂತು. ಆದರೂ ಶಿಖರವನ್ನು ಪೂರ್ತಿ ಬಿಟ್ಟುಕೊಡಲು ಸರ್ಕಾರ ಒಪ್ಪಲಿಲ್ಲ. 1957ರಲ್ಲಿ ಗುಡಿ ನ್ಯಾಯಾಲಯಕ್ಕೆ ಹೋಯಿತು. 1974ರಲ್ಲಿ ಸುಪ್ರೀಂ ಕೋರ್ಟು ಗುಡಿಯ ಪರ ತೀರ್ಪು ಕೊಟ್ಟಿತು. ಬೆಟ್ಟವೇ ಈ ಗುಡಿಯ ಶಿಂತಾಯ್, ಪೂಜೆಗೆ ಅದು ಬೇಕು ಎಂಬುದು ವಾದದ ತಿರುಳು. ಕೈಗೆ ಜಮೀನು ಬಂದದ್ದು ಮಾತ್ರ 2004ರಲ್ಲಿ. ಹತ್ತುವ ದಾರಿಗಳು, ಹಳೆಯ ಹವಾಮಾನ ಕೇಂದ್ರದ ಜಾಗ ಇದರಲ್ಲಿ ಸೇರಿಲ್ಲ. ಶಿಖರದ ಮೇಲೆ ಎರಡು ಪ್ರಾಂತ್ಯಗಳ ಗಡಿ ಎಲ್ಲಿದೆ ಅಂತ ಇವತ್ತಿಗೂ ಗೆರೆ ಎಳೆದಿಲ್ಲ.

ಹೆಂಗಸರಿಗೆ ಬಾಗಿಲು

ದೇವರು ಹೆಣ್ಣು, ಆದರೆ ಹೆಂಗಸರು ಬೆಟ್ಟ ಹತ್ತುವ ಹಾಗಿರಲಿಲ್ಲ. ಮುಟ್ಟು, ಹೆರಿಗೆ ಮೈಲಿಗೆ ಎಂಬ ನಂಬಿಕೆ ಒಂದು ಕಾರಣ. ತಪಸ್ಸಿಗೆ ಕುಳಿತ ಗಂಡಸರ ಮನಸ್ಸು ಕೆಡುತ್ತದೆ ಎಂಬುದು ಇನ್ನೊಂದು. ಬೇಟೆಗಾರರು, ಗಣಿಯವರು ಇದಕ್ಕೆ ಮೂರನೆಯದನ್ನು ಸೇರಿಸಿದರು: ಇನ್ನೊಬ್ಬ ಹೆಣ್ಣನ್ನು ಕಂಡರೆ ಯಾಮಾ ನೊ ಕಮಿಗೆ ಹೊಟ್ಟೆಕಿಚ್ಚು. ನಿಯಮ ಮಾಡಿದವರು ಗಂಡಸರು, ಕಾರಣ ಹೊರಿಸಿದ್ದು ದೇವತೆಯ ಮೇಲೆ. ಇದನ್ನು ಹೇಳದೆ ಬೆಟ್ಟದ ಪೂಜೆಯ ಕಥೆ ಪೂರ್ತಿಯಾಗುವುದಿಲ್ಲ.

1832ರಲ್ಲಿ ತಕಾಯಾಮಾ ತತ್ಸು ಎಂಬ ಹೆಂಗಸು ಗಂಡು ವೇಷ ಹಾಕಿ ಫ್ಯೂಜಿಯ ತುದಿ ಮುಟ್ಟಿದಳು. 1872ರಲ್ಲಿ ಸರ್ಕಾರ ಈ ನಿಷೇಧಗಳನ್ನು ತೆಗೆದುಹಾಕಿತು. ನಾರಾ ಪ್ರಾಂತ್ಯದ ಓಮಿನೆ ಬೆಟ್ಟದ ಸಂಜೊಗತಾಕೆ ಶಿಖರಕ್ಕೆ ಮಾತ್ರ ಇವತ್ತಿಗೂ ಹೆಂಗಸರನ್ನು ಬಿಡುವುದಿಲ್ಲ. ಅದು ಸೇರಿದ ಕಿಇ ಬೆಟ್ಟಸಾಲಿನ ಪುಣ್ಯಕ್ಷೇತ್ರಗಳು 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಚರ್ಚೆ ನಡೆಯುತ್ತಲೇ ಇದೆ.

ಹೋಗುವವರಿಗೆ

ಬೆಟ್ಟದ ಗುಡಿಗೆ ಹೋದರೆ ಮೊದಲು ಕೈ, ಬಾಯಿ ತೊಳೆಯಿರಿ. ಮಂಟಪದ ಮುಂದೆ ಎರಡು ಸಲ ತಲೆಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ತಲೆಬಾಗುವುದು ಸಾಮಾನ್ಯ ಕ್ರಮ. ಮಿವಾ ಬೆಟ್ಟ ಹತ್ತಬೇಕಾದರೆ ಬುಡದ ಸಾಯ್ ಗುಡಿಯಲ್ಲಿ ಹೆಸರು ಬರೆಸಿ, ಕೊಟ್ಟ ಬಿಳಿ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಬೇಕು. ಫೋಟೋ ತೆಗೆಯುವಂತಿಲ್ಲ, ಊಟ ತಿಂಡಿ ಮಾಡುವಂತಿಲ್ಲ. ಬಾಯಾರಿದರೆ ನೀರು ಕುಡಿಯಬಹುದು.

ಫ್ಯೂಜಿಯನ್ನು ಹತ್ತಲು ಬಿಡುವುದು ಜುಲೈಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಮಾತ್ರ. ಉಳಿದ ತಿಂಗಳಲ್ಲಿ ಹೋದವರು ಫ್ಯೂಜಿನೊಮಿಯಾದ ಸೆಂಗೆನ್ ಮಹಾಗುಡಿಗೆ ಹೋಗಬಹುದು, ಅದು ವರ್ಷವಿಡೀ ತೆರೆದಿರುತ್ತದೆ. ಅದರ ಆವರಣದಲ್ಲಿ ವಕುತಮಾ ಎಂಬ ಕೊಳ ಇದೆ. ಫ್ಯೂಜಿಯ ಮೇಲೆ ಬಿದ್ದ ಮಳೆ, ಹಿಮದ ನೀರು ನೆಲದೊಳಗೆ ಇಳಿದು ಇಲ್ಲಿ ಒರತೆಯಾಗಿ ಬರುತ್ತದೆ. ಹಿಂದಿನ ಕಾಲದ ಯಾತ್ರಿಕರು ಈ ನೀರಿನಲ್ಲಿ ಮಿಂದೇ ಬೆಟ್ಟಕ್ಕೆ ಹೊರಡುತ್ತಿದ್ದರು.